ಪ್ರತಿಕ್ರಿಯೆ: ಮೆಸಪೊಟೇಮಿಯಾದಲ್ಲಿ ತೀರಿಕೊಂಡ ಮುತ್ತಜ್ಜನ ಹೆಸರು ಸಿಗುತ್ತಿಲ್ಲ

ಮೊದಲ ಮಹಾಯುದ್ಧದ ವೇಳೆ, 1917ರಲ್ಲಿ, ಮೆಸಪೊಟೇಮಿಯಾದಲ್ಲಿ (ಇಂದಿನ ಇರಾಕ್) ತೀರಿಕೊಂಡ ನಿಮ್ಮ ಮುತ್ತಜ್ಜ ವೆಂಕಟಪ್ಪನವರ ಹೆಸರು, ಯುದ್ಧದಲ್ಲಿ ಮಡಿದವರ ಸಮಾಧಿ-ಸ್ಮಾರಕಗಳ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿ ಸಿಗುತ್ತಿಲ್ಲ ಅಂದಿದ್ದೀರಿ. ನಿರಾಶರಾಗಬೇಡಿ, ಹೆಚ್ಚಾಗಿ ತೊಡಕಿರುವುದು ಕಾಗುಣಿತದಲ್ಲಿ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ವೆಂಕಟಪ್ಪ, ಯೆಂಕಟಪ, ವೆಂಕಟಾಪ್ಪ ಎಲ್ಲವನ್ನೂ ಹಾಕಿ ನೋಡಿ. ಭಾರತೀಯ ಸಿಪಾಯಿಗಳ ಒಂಟಿ ಹೆಸರು ಸಾಮಾನ್ಯವಾಗಿ ಸರ್‌ನೇಮ್ ಜಾಗದಲ್ಲೇ ಇರುತ್ತದೆ, ಫೋರ್‌ನೇಮ್ ಖಾಲಿ ಬಿಡಿ.

ಆಮೇಲೆ ಅವರಿದ್ದ ಸೇನಾಪಡೆ ಯಾವುದೆಂದು ನೋಡಿ. ಮನೆಯಲ್ಲಿ 'ಮದ್ರಾಸ್ ಸ್ಯಾಪರ್ಸ್' (ಸೇನೆಯ ಎಂಜಿನಿಯರಿಂಗ್ ಪಡೆ) ಎನ್ನುತ್ತಿದ್ದರೆ, ಅಂದಿನ ಅಧಿಕೃತ ಹೆಸರು '2ನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್'. ಅವರ ಯುದ್ಧಪದಕ ನಿಮ್ಮಲ್ಲಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸಂಖ್ಯೆ, ದರ್ಜೆ, ಹೆಸರು, ಪಡೆ ಕೆತ್ತಿರುತ್ತಾರೆ. ದಯವಿಟ್ಟು ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಸಂಖ್ಯೆಯೊಂದನ್ನೇ ನಂಬಬೇಡಿ, ಬೇರೆ ಬೇರೆ ಪಡೆಗಳಲ್ಲಿ ಅದೇ ಸಂಖ್ಯೆ ಇರುತ್ತಿತ್ತು. ತಂದೆಯ ಹೆಸರು, ಊರು ತಾಳೆಯಾದರೆ ಮಾತ್ರ ನಿಮ್ಮವರೆಂದು ತೀರ್ಮಾನಿಸಿ.

ದಾಖಲೆಯಲ್ಲಿ 'ಬಸ್ರಾ ಸ್ಮಾರಕ' (ಇರಾಕಿನ ಬಸ್ರಾದಲ್ಲಿರುವ ಯುದ್ಧಸ್ಮಾರಕ) ಎಂದು ಬಂದರೆ ಗುರುತಾದ ಸಮಾಧಿ ಇಲ್ಲವೆಂದರ್ಥ. ಅಲ್ಲಿನ ಫಲಕಗಳಲ್ಲಿ ಭಾರತೀಯ ಅಧಿಕಾರಿಗಳ ಹೆಸರಷ್ಟೇ ಕೆತ್ತಿದರು, ಸಿಪಾಯಿಗಳನ್ನು ಬರೀ ಲೆಕ್ಕದಲ್ಲಿ ಸೇರಿಸಿದರು. ಇದು ಅನ್ಯಾಯವೇ. ಹಾಗಾಗಿ ಫಲಕದ ಫೋಟೊ ಹುಡುಕಿ ಫಲವಿಲ್ಲ. ಹೆಸರಿರುವ ದಾಖಲೆ ಪುಟವನ್ನೇ ಮುದ್ರಿಸಿ ಮನೆಯಲ್ಲಿಡಿ. ಅದರಲ್ಲಿ ತಪ್ಪಿದ್ದರೆ ಆಧಾರಪತ್ರ ಲಗತ್ತಿಸಿ ಕಮಿಷನ್ನಿಗೆ ತಿದ್ದುಪಡಿ ಕೇಳಬಹುದು.