ಮಾಲಿನ ಜೊತೆ ಡ್ರಾಯಿಂಗನ್ನೂ ಕೇಳಿದರೆ ಎಷ್ಟು ರೇಟ್ ಹೇಳಬೇಕು?

ಡಿಫೆನ್ಸ್‌ಗೆ ನೀವೇ ಡಿಸೈನ್ ಮಾಡಿದ ಬಿಡಿಭಾಗದ ಡ್ರಾಯಿಂಗ್ ಸೆಟ್ಟನ್ನೂ ಡಿಫೆನ್ಸ್‌ನವರು ಕೇಳ್ತಿದ್ದಾರೆ, ಬೆಲೆ ಕಟ್ಟೋದು ಹೇಗೆ ಅಂತ ಕೇಳಿದ್ದೀರಿ.

ಮೊದಲು ನಾನು ತಿಂದ ಪೆಟ್ಟು ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ನಮ್ಮದು ಸಣ್ಣ ಮಷಿನ್ ಶಾಪ್. ಆರ್ಡರ್ ಸಿಕ್ಕ ಖುಷಿಯಲ್ಲಿ ಒಂದು ಸೀಲ್ ಹೌಸಿಂಗ್‌ನ ಡ್ರಾಯಿಂಗ್ ಸುಮ್ನೆ ಕೊಟ್ಟುಬಿಟ್ಟೆ. ಮುಂದಿನ ಟೆಂಡರಿಗೆ ಅದೇ ಡ್ರಾಯಿಂಗ್ ಬಂತು. ಮೂಲೆಯಲ್ಲಿ ನಮ್ಮ ಹುಡುಗನ ಇನಿಶಿಯಲ್ ಹಾಗೇ ಇತ್ತು. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟ್ ಹಾಕಿದವರು, ಮಾತ್ರ ಬೇರೆಯವರು.

ಡಿಸೈನ್‌ಗೆ ಹಿಡಿದ ಗಂಟೆಗಳನ್ನು ಲೆಕ್ಕ ಹಾಕಬೇಡಿ. ಡ್ರಾಯಿಂಗ್ ಕೈಬಿಟ್ಟರೆ ಎಷ್ಟು ಸ್ಪೇರ್ಸ್ ವ್ಯಾಪಾರ ಹೋಗುತ್ತದೆ ನೋಡಿ. ಉದಾಹರಣೆಗೆ ವರ್ಷಕ್ಕೆ 2,000 ಪೀಸ್, ಪೀಸಿಗೆ 300 ರೂಪಾಯಿ ಲಾಭ, 15 ವರ್ಷ ಅಂದರೆ 90 ಲಕ್ಷ. ಎಂದೋ ಬರುವ ದುಡ್ಡು, ಬಂದೇ ಬರುತ್ತದೆ ಅಂತಲೂ ಇಲ್ಲ. ಹಾಗಾಗಿ ಚೆನ್ನಾಗಿಯೇ ಇಳಿಸಬೇಕು. ಇನ್ನು ಅವರ ಕಡೆಯಿಂದ ನೋಡಿ. ಪೀಸ್ ಬಿಚ್ಚಿ ಅಳತೆ ತೆಗೆದು, ಇನ್ನೊಬ್ಬರ ಕೈಲಿ ಮಾಡಿಸಿ, ಟೆಸ್ಟ್ ಪಾಸ್ ಮಾಡಿಸಲು 25 ಲಕ್ಷ ಸಾಕು ಅಂದರೆ, ಅದರ ಮೇಲೆ ಯಾಕೆ ಕೊಡ್ತಾರೆ? ಅಷ್ಟು ದಿನ ಕಾಯುವ ತೊಂದರೆಗೆ ಸ್ವಲ್ಪ ಜಾಸ್ತಿ ಕೊಡಬಹುದು, ಅಷ್ಟೇ.

ಇಡೀ ಹಕ್ಕನ್ನು ಒಂದೇ ರೇಟಿಗೆ ಮಾರಬೇಡಿ. ರಿಪೇರಿಗೆ ಬಳಸುವ ಹಕ್ಕು ಒಂದು ಬೆಲೆ, ಇನ್ನೊಬ್ಬರಿಗೆ ಕೊಟ್ಟು ಮಾಡಿಸುವ ಹಕ್ಕು ಇನ್ನೊಂದು ಬೆಲೆ. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಡೆವಲಪ್ ಮಾಡಲು ಯಾರ ದುಡ್ಡು ಹೋಯಿತು ಅನ್ನುವುದರ ಮೇಲೆ ಹಕ್ಕು ನಿಂತಿದೆ. ಇಬ್ಬರ ದುಡ್ಡೂ ಸೇರಿದ್ದರೆ ಸಾಮಾನ್ಯವಾಗಿ 5 ವರ್ಷ ಸರ್ಕಾರಿ ಕೆಲಸಕ್ಕಷ್ಟೇ ಬಳಸಬಹುದು, ಆಮೇಲೆ ತಡೆಯಿಲ್ಲ. ಆದರೂ ಎಫ್-35 ವಿಮಾನದ ರಿಪೇರಿಗೆ ಬೇಕಾದ ಡೇಟಾ ಮೊದಲೇ ಕೊಳ್ಳದೆ ಅವರೂ ಪೇಚಾಡುತ್ತಿದ್ದಾರೆ.

ಹಾಗಂತ ಡ್ರಾಯಿಂಗ್ ಒಂದೇ ಇದ್ದರೆ ಮಾಲು ಆಗುತ್ತದಾ? 1986ರ ಒಪ್ಪಂದದಂತೆ ಬೋಫೋರ್ಸ್ ತೋಪಿನ ಜೊತೆ ತಂತ್ರಜ್ಞಾನದ ಕಾಗದಗಳೂ ನಮ್ಮ ದೇಶಕ್ಕೆ ಬಂದವು. ಹಗರಣ ಎದ್ದಿತು, ಕಾಗದ ಹಾಗೇ ಉಳಿಯಿತು. ಅದರ ಮೇಲೆ ಕಟ್ಟಿದ ಧನುಷ್ ತೋಪು ಸೇನೆಯ ಕೈ ಸೇರಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೇ ಹೀಟ್ ಟ್ರೀಟ್‌ಮೆಂಟ್ ಶೀಟು, ಮಷಿನ್ ಮೇಲೆ ಪೀಸ್ ಹಿಡಿದಿಡುವ ಜಿಗ್‌ಗಳ ಡ್ರಾಯಿಂಗು, ಕಲಿಸಿಕೊಡುವ ದಿನಗಳು, ಇವನ್ನೆಲ್ಲ ಕೊಟೇಶನ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಅದೂ ಸಹಿ ಆಗುವ ಮುಂಚೆ. ಆಮೇಲೆ ಕೇಳಿದರೆ ಯಾರೂ ಫೋನ್ ಎತ್ತಲ್ಲ.

ಅಂದಹಾಗೆ, ಐಡೆಕ್ಸ್ (ರಕ್ಷಣಾ ಸಚಿವಾಲಯದ ಯೋಜನೆ) ತರಹದ ಸರ್ಕಾರಿ ಗ್ರ್ಯಾಂಟ್ ಏನಾದರೂ ತಗೊಂಡಿದ್ದೀರಾ? ತಗೊಂಡಿದ್ದರೆ ಡಿಸೈನ್ ಹಕ್ಕಿನ ಬಗ್ಗೆ ಏನು ಬರೆದಿದೆ ಅಂತ ಮೊದಲು ಆ ಅಗ್ರಿಮೆಂಟ್ ತೆಗೆದು ಓದಿ.