ತುಪ್ಪದ ಕೊಲೆಸ್ಟರಾಲ್: ಹಸಿರು ಯಾಕೆ ನಿಲ್ಲುತ್ತಿಲ್ಲ?

ತುಪ್ಪವನ್ನು ನೇರವಾಗಿ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಲೀಬರ್‌ಮನ್-ಬರ್ಚರ್ಡ್ ಪರೀಕ್ಷೆ (ಕೊಲೆಸ್ಟರಾಲನ್ನು ಹಸಿರು ಬಣ್ಣದಿಂದ ಅಳೆಯುವ ವಿಧಾನ) ಮಾಡಿದರೆ ಹಸಿರು ಬದಲು ಕಂದು ಬಣ್ಣ ಬರುತ್ತಿದೆ, ರೀಡಿಂಗ್ ಪ್ರತಿಸಲ ಬೇರೆ ಎಂದಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ.

ಕಂದು ಬರುವುದು ಗಂಧಕಾಮ್ಲ ಕೊಬ್ಬನ್ನೇ ಸುಡುವುದರಿಂದ. ಹಾಗಾಗಿ ಮೊದಲು ಕೊಬ್ಬನ್ನು ಸಾಬೂನು ಮಾಡಿ ತೆಗೆಯಲೇಬೇಕು. 1 ಗ್ರಾಂ ತುಪ್ಪಕ್ಕೆ ಆಲ್ಕೊಹಾಲಿನಲ್ಲಿ ಕರಗಿಸಿದ 5% ಪೊಟ್ಯಾಸಿಯಂ ಹೈಡ್ರಾಕ್ಸೈಡ್ 10 ಮಿಲೀ ಹಾಕಿ, ಕಂಡೆನ್ಸರ್ ಕೂರಿಸಿ ಒಂದು ಗಂಟೆ ಕುದಿಸಿ. ಆರಿದ ಮೇಲೆ 10 ಮಿಲೀ ನೀರು ಸೇರಿಸಿ, ಕೊಲೆಸ್ಟರಾಲನ್ನು ಹೆಕ್ಸೇನಿಗೆ ಮೂರು ಸಲ ಎಳೆಯಿರಿ. ಜೋರಾಗಿ ಕುಲುಕಬೇಡಿ, ನೊರೆಗಟ್ಟಿ ಪದರ ಬೇರೆಯಾಗುವುದೇ ಇಲ್ಲ. ನೊರೆಗಟ್ಟಿದರೆ ಸ್ವಲ್ಪ ಆಲ್ಕೊಹಾಲ್ ಹಾಕಿ. ಹೆಕ್ಸೇನನ್ನು ನೀರಿನಲ್ಲಿ ತೊಳೆದು, ನಿರ್ಜಲ ಸೋಡಿಯಂ ಸಲ್ಫೇಟಿನ ಮೇಲೆ ಒಣಗಿಸಿ, ಆವಿ ಮಾಡಿ, ಉಳಿದದ್ದನ್ನು 10 ಮಿಲೀ ಕ್ಲೋರೋಫಾರ್ಮಿನಲ್ಲಿ ಕರಗಿಸಿ.

ಇದರಲ್ಲಿ 3 ಮಿಲೀ, ಜೊತೆಗೆ 2 ಮಿಲೀ ಕ್ಲೋರೋಫಾರ್ಮ್, ಮೇಲೆ 2 ಮಿಲೀ ರೀಏಜೆಂಟ್. ರೀಏಜೆಂಟೆಂದರೆ ಐಸಿನಲ್ಲಿಟ್ಟ 10 ಮಿಲೀ ಅಸಿಟಿಕ್ ಅನ್‌ಹೈಡ್ರೈಡಿಗೆ ಹನಿಹನಿಯಾಗಿ 0.5 ಮಿಲೀ ಸಾಂದ್ರ ಗಂಧಕಾಮ್ಲ. ಫ್ಯೂಮ್ ಹುಡ್‌ನಲ್ಲೇ, ಅವತ್ತಿನದು ಅವತ್ತೇ.

ರೀಡಿಂಗ್ ಓಡಾಡುವುದು ಸಮಯದಿಂದ. ಹಸಿರು ಏರಿ ಮತ್ತೆ ಮಾಸುತ್ತದೆ. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಕೊಲೆಸ್ಟರಾಲ್ ದ್ರಾವಣ), ಸ್ಯಾಂಪಲ್ ಎರಡಕ್ಕೂ ನಿಮಿಷದ ಅಂತರದಲ್ಲಿ ರೀಏಜೆಂಟ್ ಹಾಕಿ, ಕತ್ತಲಲ್ಲಿ 15 ನಿಮಿಷ ಇಟ್ಟು, ಅದೇ ಕ್ರಮದಲ್ಲಿ ಸ್ಪೆಕ್ಟ್ರೊಫೋಟೋಮೀಟರಿನಲ್ಲಿ 640 ನ್ಯಾನೋಮೀಟರ್ ತರಂಗಾಂತರದಲ್ಲಿ ಓದಿ. ಟ್ಯೂಬಿನಲ್ಲಿ ನೀರಿನ ಪಸೆ ಇದ್ದರೂ ಬಣ್ಣ ಕೆಡುತ್ತದೆ. ಕ್ಯುವೆಟ್ (ಓದುವಾಗ ದ್ರಾವಣ ತುಂಬುವ ಪುಟ್ಟ ಪಾತ್ರೆ) ಗಾಜಿನದೇ ಇರಲಿ, ಪ್ಲಾಸ್ಟಿಕ್ಕನ್ನು ಕ್ಲೋರೋಫಾರ್ಮ್ ಮಂಕಾಗಿಸುತ್ತದೆ.

ಇನ್ನೊಂದು: ಎಣ್ಣೆ ಬೆರೆಸಿದ ತುಪ್ಪವನ್ನು ಈ ವಿಧಾನದಿಂದ ಹಿಡಿಯಲು ಹೋಗಬೇಡಿ. ಸಸ್ಯದ ಸ್ಟೆರಾಲುಗಳೂ ಇದೇ ಹಸಿರು ಕೊಡುತ್ತವೆ. ಅದಕ್ಕೆ ಸ್ಟೆರಾಲುಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ಸರಿ.