ಓದು ಮುಗೀತು, ಬ್ರಿಟನ್‌ನಲ್ಲೇ ಇರೋದು ಹೇಗೆ?

ಪ್ರಶ್ನೆ: ಮಗ ಲೀಡ್ಸ್‌ನಲ್ಲಿ ಒಂದು ವರ್ಷದ ಎಂಎಸ್ಸಿ ಮಾಡುತ್ತಿದ್ದಾನೆ. 2026ರ ಸೆಪ್ಟೆಂಬರ್‌ಗೆ ಕೋರ್ಸ್ ಮುಗಿಯುತ್ತದೆ. ಸ್ಟೂಡೆಂಟ್ ವೀಸಾ 2027ರ ಜನವರಿ ಕೊನೆವರೆಗೂ ಇದೆ. ಡಿಸೆಂಬರ್‌ನಲ್ಲಿ ಅವನ ಅಕ್ಕನ ಮದುವೆ. ಊರಿಗೆ ಬಂದು, ಸಂಕ್ರಾಂತಿ ಮುಗಿಸಿಕೊಂಡು ಹೋಗಿ ಎರಡು ವರ್ಷದ ವೀಸಾಗೆ ಅರ್ಜಿ ಹಾಕಿದರೆ ಆಗಲ್ವಾ? ಅಲ್ಲಿನ ಒಂದು ಕಂಪನಿ ವರ್ಷಕ್ಕೆ 35,000 ಪೌಂಡ್ ಸಂಬಳದ ಕೆಲಸ ಕೊಡುವುದಾಗಿಯೂ ಹೇಳಿದೆಯಂತೆ. ಯಾವುದು ಒಳ್ಳೆಯದು?
- ಓದುಗರು, ಹಾಸನ

ಉತ್ತರ: ಸಂಕ್ರಾಂತಿವರೆಗೆ ಕಾಯಬೇಡಿ. ಕಾದರೆ ಆರು ತಿಂಗಳು ಕೈತಪ್ಪುತ್ತದೆ. ನೀವು ಹೇಳುತ್ತಿರುವುದು ಗ್ರಾಜುಯೇಟ್ ವೀಸಾ, ಅಂದರೆ ಅಲ್ಲಿ ಓದು ಮುಗಿಸಿದವರು ಅಲ್ಲೇ ಉಳಿದು ಕೆಲಸ ಮಾಡಲು ಸಿಗುವ ವೀಸಾ. 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ ಸಿಗುತ್ತದೆ. 2027ರ ಜನವರಿ 1ರಿಂದ ಹಾಕಿದವರಿಗೆ 18 ತಿಂಗಳು ಅಷ್ಟೇ. (ಪಿಎಚ್‌ಡಿ ಮಾಡಿದವರಿಗೆ ಮಾತ್ರ ಮೂರು ವರ್ಷ.) ಕೋರ್ಸ್ ಯಾವಾಗ ಮುಗೀತು ಅನ್ನೋದಲ್ಲ, ಅರ್ಜಿ ಯಾವ ದಿನ ಹೋಯಿತು ಅನ್ನೋದೇ ಲೆಕ್ಕ.

ಇನ್ನೊಂದು ತೊಡಕಿದೆ. ಕೋರ್ಸ್ ಪಾಸಾಗಿದೆ ಎಂದು ವಿಶ್ವವಿದ್ಯಾಲಯ ಹೋಮ್ ಆಫೀಸಿಗೆ (ವೀಸಾ ಕೊಡುವ ಅಲ್ಲಿನ ಗೃಹ ಇಲಾಖೆ) ತಿಳಿಸಿದ ಮೇಲೆಯೇ ಅರ್ಜಿ ಹಾಕಬೇಕು. ಘಟಿಕೋತ್ಸವಕ್ಕೋ ಸರ್ಟಿಫಿಕೇಟಿಗೋ ಕಾಯಬೇಕಿಲ್ಲ, ಈ ಸುದ್ದಿ ಹೋದರೆ ಸಾಕು. ಯಾವ ತಾರೀಖಿಗೆ ಕಳಿಸುತ್ತೀರಿ ಎಂದು ಮಗ ಈಗಲೇ ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗಕ್ಕೆ ಇಮೇಲ್ ಹಾಕಿ ಕೇಳಲಿ. ಒಂದು ವಿಷಯ ಫೇಲಾಗಿ ಮರುಪರೀಕ್ಷೆ ಬರೆಯಬೇಕಾಗಿ ಬಂದರೆ ಫಲಿತಾಂಶ ಜನವರಿ ದಾಟಿಬಿಡಬಹುದು. ಆಗ ಸ್ಟೂಡೆಂಟ್ ವೀಸಾದ ಅವಧಿಯೇ ಮುಗಿದಿರುತ್ತದೆ.

ಅರ್ಜಿ ಹಾಕುವಾಗ ಅವನು ಬ್ರಿಟನ್ ಒಳಗೇ ಇರಬೇಕು. ಹಾಕಿದ ಮೇಲೆ ತೀರ್ಮಾನ ಬರುವ ಮುಂಚೆ ಊರಿಗೆ ಹೊರಟರೆ ಅರ್ಜಿ ವಾಪಸ್ ಪಡೆದ ಹಾಗೆ. ತೀರ್ಮಾನಕ್ಕೆ ಎಂಟು ವಾರದವರೆಗೂ ಹಿಡಿಯಬಹುದು. ಹಾಗಾಗಿ ಮದುವೆಗೆ ಎರಡೇ ದಾರಿ: ಬೇಗ ಅರ್ಜಿ ಹಾಕಿ, ವೀಸಾ ಕೈಗೆ ಬಂದ ಮೇಲೆ ಬರುವುದು. ಇಲ್ಲವಾದರೆ ಸ್ಟೂಡೆಂಟ್ ವೀಸಾದಲ್ಲೇ ಬಂದು, ಮದುವೆ ಮುಗಿದ ಕೂಡಲೇ ಹೊರಟು, ಡಿಸೆಂಬರ್ ಕೊನೆಯೊಳಗೆ ಅಲ್ಲಿಂದ ಹಾಕುವುದು. ಬೀಗರೂಟ ತಪ್ಪಿದರೂ ಪರವಾಗಿಲ್ಲ! ಖರ್ಚಿನ ಲೆಕ್ಕವೂ ಇರಲಿ: ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಶುಲ್ಕವೇ ವರ್ಷಕ್ಕೆ 1,035 ಪೌಂಡ್. ಎರಡೂ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು, ಅರ್ಜಿ ಶುಲ್ಕ ಬೇರೆ. ಮದುವೆ ಖರ್ಚಿನ ನಡುವೆ ಅದನ್ನೂ ಎತ್ತಿಟ್ಟುಕೊಳ್ಳಿ.

ಈಗ ಕೆಲಸದ ವಿಷಯ. ಗ್ರಾಜುಯೇಟ್ ವೀಸಾದಲ್ಲಿ ಹೆಚ್ಚುಕಡಿಮೆ ಯಾವ ಕೆಲಸ ಬೇಕಾದರೂ ಮಾಡಬಹುದು, ಯಾವಾಗ ಬೇಕಾದರೂ ಬಿಡಬಹುದು. ಆದರೆ ಅದನ್ನು ಮುಂದುವರಿಸಲು ಬರುವುದಿಲ್ಲ. ಕೆಲಸದ ವೀಸಾ ಮೂಲಕ ಕಾಯಂ ವಾಸ ಪಡೆಯುವ ವರ್ಷಗಳ ಲೆಕ್ಕಕ್ಕೂ ಅದು ಸೇರಲ್ಲ. ಉಳಿಯಬೇಕೆಂದರೆ ಹೆಚ್ಚಿನವರು ಕೊನೆಗೆ ಸ್ಕಿಲ್ಡ್ ವರ್ಕರ್ ವೀಸಾಗೇ, ಅಂದರೆ ಕಂಪನಿಯೊಂದು ಸ್ಪಾನ್ಸರ್ ಆಗಿ (ಹೊಣೆ ಹೊತ್ತು) ಕೆಲಸ ಕೊಟ್ಟರೆ ಮಾತ್ರ ಸಿಗುವ ವೀಸಾಗೇ ಬರಬೇಕು. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಇದೆ: 33,400 ಪೌಂಡ್, ಇಲ್ಲವೇ ಆ ಹುದ್ದೆಗೆ ಸರ್ಕಾರ ನಿಗದಿ ಮಾಡಿದ ಸಂಬಳದ ಶೇ 70, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಸಾಫ್ಟ್‌ವೇರ್ ಥರದ ಹುದ್ದೆಗಳಲ್ಲಿ ಶೇ 70 ಅಂದರೂ 33,400 ದಾಟುತ್ತದೆ. ಆದ್ದರಿಂದ 35,000 ಸಾಕೋ ಇಲ್ಲವೋ ಅನ್ನೋದು ಹುದ್ದೆ ನೋಡಿ ಹೇಳಬೇಕು.

ಬಹಳಷ್ಟು ಹುಡುಗರು ಎಡವುವುದು ಇಲ್ಲೇ. ಈ ರಿಯಾಯಿತಿ ಒಟ್ಟು ನಾಲ್ಕೇ ವರ್ಷ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ದಿನಗಳೂ ಅದರಲ್ಲೇ ಕಳೆದುಹೋಗುತ್ತವೆ. ಎರಡು ವರ್ಷ ಗ್ರಾಜುಯೇಟ್ ವೀಸಾದಲ್ಲಿದ್ದು ಆಮೇಲೆ ಸ್ಕಿಲ್ಡ್ ವರ್ಕರ್‌ಗೆ ಬದಲಾಯಿಸಿಕೊಂಡರೆ, ಕಡಿಮೆ ಸಂಬಳದಲ್ಲಿ ನಡೆಯುವುದು ಇನ್ನೆರಡು ವರ್ಷ ಮಾತ್ರ. ಅಷ್ಟರಲ್ಲಿ ಸಂಬಳ ಪೂರ್ತಿ ಮಟ್ಟಕ್ಕೆ ಏರಿರಬೇಕು.

ಅದಕ್ಕೇ ನನ್ನ ಸಲಹೆ: ಆ ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್ (ಹೀಗೆ ಸ್ಪಾನ್ಸರ್ ಮಾಡಲು ಸರ್ಕಾರದ ಪರವಾನಗಿ) ಇದ್ದು, ಸ್ಪಾನ್ಸರ್ ಮಾಡುತ್ತೇವೆ ಎಂದು ಬರೆದುಕೊಟ್ಟರೆ, ಸಂಬಳವೂ ಹೊಂದಿದರೆ, ನೇರವಾಗಿ ಸ್ಕಿಲ್ಡ್ ವರ್ಕರ್‌ಗೇ ಹೋಗಲಿ. "ಮೊದಲು ಸೇರು, ಆಮೇಲೆ ನೋಡೋಣ" ಅಂದರೆ ನಂಬಿ ಕೂರಬೇಡಿ. ಗ್ರಾಜುಯೇಟ್ ವೀಸಾ ತೆಗೆದುಕೊಂಡು, ಮೊದಲ ವರ್ಷದಲ್ಲೇ ಸ್ಪಾನ್ಸರ್ ಹುಡುಕಲಿ. ಒಮ್ಮೆ ಸ್ಕಿಲ್ಡ್ ವರ್ಕರ್ ಆದ ಮೇಲೆ ಗ್ರಾಜುಯೇಟ್ ವೀಸಾಗೆ ಮರಳಲು ಬರಲ್ಲ, ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ಸ್ಪಾನ್ಸರ್ ಬೇಕು. ಇದನ್ನೂ ಯೋಚಿಸಿ.

ಪ್ರಶ್ನೆ: ಮಗಳು ಬ್ರಿಟನ್‌ನಲ್ಲಿ ಗ್ರಾಜುಯೇಟ್ ವೀಸಾದಲ್ಲಿದ್ದಾಳೆ. ಮದುವೆ ನಿಶ್ಚಯವಾಗಿದೆ. ಅಳಿಯನನ್ನು ಕರೆಸಿಕೊಳ್ಳಬಹುದಾ? ಹಣ ಕೊಟ್ಟರೆ ಸ್ಪಾನ್ಸರ್‌ಶಿಪ್ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ.
- ಓದುಗರು, ಮಂಗಳೂರು

ಉತ್ತರ: ಗ್ರಾಜುಯೇಟ್ ವೀಸಾದಲ್ಲಿ ಹೊಸದಾಗಿ ಸಂಗಾತಿಯನ್ನು ಸೇರಿಸಲು ಆಗಲ್ಲ. ಓದುವಾಗಲೇ ಅವಲಂಬಿತರಾಗಿ ಜೊತೆಗಿದ್ದವರಿಗೆ ಮಾತ್ರ ಅವಕಾಶ. ಅವಳು ಪದವಿ ಮಟ್ಟದ ಕೆಲಸದಲ್ಲಿ ಸ್ಕಿಲ್ಡ್ ವರ್ಕರ್ ಆದರೆ ಅಳಿಯ ಹೋಗಬಹುದು, ದುಡಿಯಲೂಬಹುದು. ಮದುವೆ ತಾರೀಖು ಇಡುವ ಮುಂಚೆ ಇದನ್ನು ಗಂಡಿನ ಮನೆಯವರಿಗೆ ಬಿಡಿಸಿ ಹೇಳಿ.

ಏಜೆಂಟನಿಗೆ ಒಂದು ಪೈಸೆಯೂ ಕೊಡಬೇಡಿ. ಸ್ಪಾನ್ಸರ್ ಸರ್ಟಿಫಿಕೇಟ್ ಅಂದರೆ ಕಂಪನಿ ಆನ್‌ಲೈನಿನಲ್ಲಿ ಕೊಡುವ ಒಂದು ನಂಬರ್. ಅದರ ಶುಲ್ಕವನ್ನು ಕಂಪನಿಯೇ ಭರಿಸಬೇಕು, ಕೆಲಸಗಾರರಿಂದ ವಸೂಲಿ ಮಾಡುವ ಹಾಗಿಲ್ಲ. ಲೈಸೆನ್ಸ್ ಇರುವ ಕಂಪನಿಗಳ ಪಟ್ಟಿ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಏಜೆಂಟ್ ಹೇಳುವ ಕಂಪನಿಯ ಹೆಸರು ಕೇಳಿ, ಅದರಲ್ಲಿ ಹುಡುಕಿ. ಹೆಸರು ಇದ್ದರೂ ಮಗಳು ನೇರವಾಗಿ ಆ ಕಂಪನಿಗೇ ಅರ್ಜಿ ಹಾಕಲಿ.